ಸಾಲ ಅವರದು, ಖಾತೆ ಇಬ್ಬರದು

ಪುಣೆಯ ಸದಾಶಿವ ಪೇಠದಲ್ಲಿ ಕೈಕಟ್ಟಿ ಕೂತ ಹೆಣ್ಣುಮಗಳನ್ನು ನಾನು ಕಂಡಿಲ್ಲ. ಸ್ಪರ್ಧಾ ಪರೀಕ್ಷೆಗೆ ಓದಲು ಬಂದ ಹುಡುಗ ಹುಡುಗಿಯರಿಗೆ ಒಬ್ಬಳು ಡಬ್ಬೆ ಕಟ್ಟಿಕೊಡುತ್ತಾಳೆ, ಒಬ್ಬಳು ಹೊರಗಿನ ಕೋಣೆಯನ್ನು ಕಾಟ್ ಬೇಸಿಸ್ ಮೇಲೆ, ಅಂದರೆ ಮಂಚಕ್ಕಿಷ್ಟು ಎಂದು ಬಾಡಿಗೆಗೆ, ಕೊಟ್ಟಿರುತ್ತಾಳೆ, ಇನ್ನೊಬ್ಬಳು ಸೀರೆಗೆ ಫಾಲು-ಪಿಕೋ ಹಾಕುತ್ತಾಳೆ. ಆ ದುಡ್ಡೆಲ್ಲ ಹೋಗಿ ಬೀಳುವುದು ಗಂಡನ ಜೊತೆಗಿನ ಜಂಟಿ ಖಾತೆಗೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಹೋಗಿ ಸಹಿ ಹಾಕಿ ತೆರೆದ ಖಾತೆ ಅದು. ಆಮೇಲೆ ಅದರ ಫಾರ್ಮಿನಲ್ಲಿ ಏನಿತ್ತು ಎಂದು ಯಾರೂ ನೋಡಿಲ್ಲ.

ಧಾರವಾಡ, ಬೆಳಗಾವಿ, ಸೊಲ್ಲಾಪುರ ಕಡೆಯಿಂದ ಇಲ್ಲಿಗೆ ಸೊಸೆಯಾಗಿ ಬಂದ ನಮ್ಮ ಹೆಣ್ಣುಮಕ್ಕಳು ಆಗಾಗ ದನಿ ತಗ್ಗಿಸಿ ಕೇಳುತ್ತಾರೆ: "ಕಾಕೂ, ಅವರ ಸಾಲಕ್ಕ ನನ್ನ ದುಡ್ಡೂ ಹೋಗ್ತದೇನ್ರಿ?" ಹೋಗಬೇಕಾಗಿಲ್ಲ ತಂಗಿ. ನೀವು ಸಹಿ ಹಾಕದ ಸಾಲಕ್ಕೆ ಹೆಂಡತಿ ಎಂಬ ಒಂದೇ ಕಾರಣಕ್ಕೆ ನೀವು ಹೊಣೆಯಲ್ಲ. ಆದರೆ ಒಂದೇ ಖಾತೆಯಲ್ಲಿ ಬೆರೆತ ದುಡ್ಡಿನಲ್ಲಿ ನಿಮ್ಮದೆಷ್ಟು ಎಂದು ತೋರಿಸಲು ಕಾಗದ ಬೇಕು. ಆ ಕಾಗದ ಸಾಲ ಬಾಗಿಲಿಗೆ ಬರುವ ಮುಂಚೆಯೇ ನಿಮ್ಮ ಕೈಯಲ್ಲಿರಬೇಕು. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಹೆಂಡತಿಯ ಸಾಲಕ್ಕೆ ಗಂಡ ಸಿಕ್ಕಿಬೀಳುವುದೂ ಉಂಟು, ಹಾಗಾಗಿ ಗಂಡಸರೂ ಕೇಳಿಸಿಕೊಳ್ಳಿ.

• ಮೊದಲು ನಿಮ್ಮೊಬ್ಬರ ಹೆಸರಿನಲ್ಲಿ ಒಂದು ಉಳಿತಾಯ ಖಾತೆ ತೆರೆಯಿರಿ. ಗಂಡನ ಮೇಲೆ ಅಪನಂಬಿಕೆ ಅಂತಲ್ಲ. ಸಂಬಳವಿರಲಿ, ಡಬ್ಬೆಯ ದುಡ್ಡಿರಲಿ, ನಿಮ್ಮ ದುಡಿಮೆ ನೇರವಾಗಿ ಅಲ್ಲಿ ಬಿದ್ದರೆ ಮುಂದೆ ಯಾರಿಗೂ ವಿವರಣೆ ಕೊಡುವ ಕೆಲಸವೇ ಇರುವುದಿಲ್ಲ.

• ಬಾಗಿಲ ಹತ್ತಿರ ಅಂಟಿಸಿದ ಕ್ಯೂಆರ್ ಕೋಡ್ ಯಾವ ಖಾತೆಗೆ ಜೋಡಿಸಿದೆ ಎಂದು ಇವತ್ತೇ ನೋಡಿ. ಅಡುಗೆ ನಿಮ್ಮದು, ಬೆವರು ನಿಮ್ಮದು, ಆದರೆ ಆ ಚೀಟಿ ಮಾತ್ರ ಗಂಡನ ಫೋನ್ ನಂಬರಿನದು. ಎಷ್ಟೋ ಮನೆಗಳಲ್ಲಿ ಹೀಗಿದೆ. ಮೆಸ್ಸಿನ ಹುಡುಗರು ತಿಂಗಳ ಮೊದಲ ವಾರ ಹಾಕಿದ್ದೆಲ್ಲ ಕಾಗದದ ಮೇಲೆ ಗಂಡನ ಗಳಿಕೆಯಾಗಿ ಕೂರುತ್ತದೆ. ಹೊಸ ಚೀಟಿ ಮಾಡಿಸಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಮಾಡಿಸಿಬಿಡಿ.

• ಗಂಡ ಸಾಲ ತೆಗೆದ ಬ್ಯಾಂಕಿನಲ್ಲೇ ನಿಮ್ಮ ಖಾತೆ ಬೇಡ, ಮನೆಯ ಜಂಟಿ ಖಾತೆಯೂ ಬೇಡ. ಬೇರೆ ಬ್ಯಾಂಕಿಗೆ ಹೋಗಿ. ತನ್ನ ಬಾಕಿಗೆ ತನ್ನ ಕೈಯಲ್ಲಿರುವುದನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಬ್ಯಾಂಕಿಗಿದೆ. 1872ರ ಕರಾರು ಕಾಯ್ದೆಯ 171ನೇ ಕಲಮು ಅದನ್ನು ಕೊಟ್ಟಿದೆ. ಒಬ್ಬರ ಸಾಲಕ್ಕೆ ಇಬ್ಬರ ಖಾತೆಯನ್ನು ಸುಮ್ಮನೆ ಮುಟ್ಟುವಂತಿಲ್ಲ, ನಿಜ. ಆದರೆ ಸಾಲದ ಫಾರ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ "ನನ್ನ ಎಲ್ಲ ಖಾತೆಗಳಿಂದ" ಎಂದು ಬರೆಸಿಕೊಂಡಿರುತ್ತಾರೆ. ಮೊದಲು ಹಿಡಿದಿಟ್ಟು ಆಮೇಲೆ ಮಾತಾಡುತ್ತಾರೆ. ಅಷ್ಟು ದಿನ ಗ್ಯಾಸಿನವನಿಗೆ ಏನು ಕೊಡುತ್ತೀರಿ?

• ಜಂಟಿ ಖಾತೆಯಲ್ಲಿ ಮನೆ ಖರ್ಚಿನಷ್ಟೇ ಇಡಿ: ಬಾಡಿಗೆ, ಲೈಟ್ ಬಿಲ್, ಕಿರಾಣಿ, ಮಕ್ಕಳ ಫೀಸು. ಒಂದೆರಡು ತಿಂಗಳಿಗೆ ಸಾಕಾಗುವಷ್ಟಿದ್ದರೆ ಹೆಚ್ಚಾಯಿತು. ಅದು ದಿನದ ನೀರಿನ ಕೊಡ, ಮೇಲಿನ ಟಾಕಿ ಅಲ್ಲ. ಎಫ್‌ಡಿ, ಆರ್‌ಡಿ ಎಲ್ಲ ದುಡಿದವರ ಹೆಸರಿನಲ್ಲೇ ಇರಲಿ.

• ಆದರೆ ನಿಮ್ಮದನ್ನಷ್ಟೇ ತೆಗೆಯಿರಿ. ವಸೂಲಿಯವರು ಫೋನು ಮಾಡಲು ಶುರು ಮಾಡಿದ ಮೇಲೆ ಗಂಡನ ದುಡ್ಡನ್ನೂ ರಾತ್ರೋರಾತ್ರಿ ನಿಮ್ಮ ಖಾತೆಗೆ ಹಾಕಿಸಿಕೊಳ್ಳಬೇಡಿ. ಸಾಲ ಕೊಟ್ಟವರಿಗೆ ಸಿಗದಿರಲಿ ಎಂದೇ ದಾಟಿಸಿದ್ದು ಕೋರ್ಟಿಗೆ ಕಂಡರೆ ಅದು ನಿಲ್ಲುವುದಿಲ್ಲ. ಮನೆ-ಜಾಗವನ್ನು ಹಾಗೆ ಹೆಂಡತಿಯ ಹೆಸರಿಗೆ ಮಾಡಿದರೂ ಅಷ್ಟೇ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಮಿನಲ್ಲಿ ಸಾಲ ಕೊಟ್ಟವರು ರದ್ದು ಮಾಡಿಸಬಹುದು. ಇನ್ನೂ ಕೆಟ್ಟದ್ದೆಂದರೆ, ಆಮೇಲೆ ನಿಮ್ಮ ಸ್ವಂತದ ದುಡ್ಡಿನ ಮೇಲೂ ಅನುಮಾನ ಬರುತ್ತದೆ. ತೆಗೆದುಕೊಂಡ ಸಾಲ ತೀರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತೆಗೆದುಕೊಂಡವರು ತೀರಿಸಲಿ, ತೆಗೆದುಕೊಳ್ಳದವರ ಡಬ್ಬೆಯ ದುಡ್ಡು ಅದರಲ್ಲಿ ಹೋಗದಿರಲಿ ಎಂಬುದಷ್ಟೇ ನನ್ನ ಮಾತು.

• ಪಾಸ್‌ಬುಕ್ ತಿಂಗಳಿಗೊಮ್ಮೆ ಪ್ರಿಂಟ್ ಮಾಡಿಸಿ. ವರ್ಷಗಟ್ಟಲೆ ಬಿಟ್ಟರೆ ಯಂತ್ರ ಹಳೆಯದನ್ನೆಲ್ಲ ಒಟ್ಟು ಮಾಡಿ ಒಂದೇ ಸಾಲಿನಲ್ಲಿ ಹೊಡೆದುಬಿಡುವುದುಂಟು. ಆಗ ಯಾವುದು ಡಬ್ಬೆಯ ದುಡ್ಡು, ಯಾವುದು ತವರಿನಿಂದ ಬಂದದ್ದು, ದೇವರಿಗೇ ಗೊತ್ತು.

• ಪ್ರಿಂಟಾದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಪ್ರತಿ ಜಮೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪದ ಬರೆಯಿರಿ: "ಮೆಸ್", "ಅವ್ವ", "ಹೊಲಿಗೆ", "ಅವರ ಸಂಬಳ". ಬ್ಯಾಂಕು ಹೊಡೆಯುವುದು ಬರೀ ಯುಪಿಐ ಎಂಬ ಮೂರಕ್ಷರ ಮತ್ತು ಉದ್ದದ ನಂಬರು. ಮೂರು ವರ್ಷದ ಮೇಲೆ ವಕೀಲರು "ಇದು ಯಾರದು?" ಎಂದು ಬೆರಳಿಟ್ಟಾಗ ಆ ನಂಬರು ಬಾಯಿ ಬಿಡುವುದಿಲ್ಲ, ನಿಮ್ಮ ಪೆನ್ಸಿಲಿನ ಅಕ್ಷರ ಬಿಡುತ್ತದೆ. ಜೊತೆಗೆ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಯಾವ ಹುಡುಗ ಯಾವ ತಿಂಗಳು ಎಷ್ಟು ಕೊಟ್ಟ ಎಂದು ಬರೆದಿಡಿ. ಮೆಸ್ಸಿಗೆ ಆ ಲೆಕ್ಕ ಹೇಗೂ ಬೇಕು, ಇಂಥ ಹೊತ್ತಿಗೆ ಅದೇ ಸಾಕ್ಷಿಯಾಗುತ್ತದೆ.

• ಜಂಟಿ ಖಾತೆಯ ಫಾರ್ಮಿನ ಪ್ರತಿ ಕೇಳಿ ಪಡೆಯಿರಿ. "ಇಬ್ಬರಲ್ಲಿ ಯಾರಾದರೂ" ಎಂಬ ಚೌಕಕ್ಕೆ ಟಿಕ್ ಇದ್ದರೆ ಗಂಡನೊಬ್ಬನೇ ಎಲ್ಲವನ್ನೂ ತೆಗೆಯಬಹುದು, ನೀವೊಬ್ಬರೇ ಕೂಡ. "ಇಬ್ಬರೂ ಸೇರಿ" ಎಂದಿದ್ದರೆ ಎರಡು ಸಹಿ ಬೇಕು. ಸಾಲ ಕೈಮೀರುತ್ತಿದೆ ಅನ್ನಿಸಿದಾಗ "ಇನ್ನು ಮುಂದೆ ಇಬ್ಬರ ಸಹಿ ಇಲ್ಲದೆ ದುಡ್ಡು ಕೊಡಬೇಡಿ" ಎಂದು ಬ್ಯಾಂಕಿಗೆ ಅರ್ಜಿ ಬರೆದುಕೊಡಿ. ಒಬ್ಬರು ಬರೆದುಕೊಟ್ಟರೂ ಬ್ಯಾಂಕಿನವರು ಸಾಮಾನ್ಯವಾಗಿ ಅಲ್ಲಿಗೆ ಕೈ ತಡೆಯುತ್ತಾರೆ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಅವರ ಶಿಕ್ಕಾ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಏಳಬೇಡಿ.

• ಗಂಡನ ಸಾಲದ ಕಂತು ಜಂಟಿ ಖಾತೆಯಿಂದ ಹೋಗುತ್ತಿದೆಯೇ ನೋಡಿ. ಬೈಕು ತಗೊಂಡಾಗ, ಮೊಬೈಲು ತಗೊಂಡಾಗ ಅಂಗಡಿಯಲ್ಲೇ ಕಂತು ತಾನಾಗಿ ಕಡಿತವಾಗುವ ಯಾವುದೋ ಮ್ಯಾಂಡೇಟಿಗೆ ಸಹಿ ಹಾಕಿರುತ್ತಾರೆ, ಮನೆಗೆ ಬಂದು ಮರೆತಿರುತ್ತಾರೆ. ಖಾತೆಯಲ್ಲಿ ದುಡ್ಡು ಕಡಿಮೆ ಇದ್ದ ದಿನ ಕಂತು ಬೌನ್ಸಾಗುತ್ತದೆ, ಬ್ಯಾಂಕು ದಂಡ ಹಾಕುತ್ತದೆ, ಮತ್ತೊಮ್ಮೆ ಬಂದು ಮತ್ತೊಮ್ಮೆ ದಂಡ. ಅದೆಲ್ಲ ಹೋಗುವುದು ನೀವು ಹಾಕಿಟ್ಟ ಫೀಸಿನ ದುಡ್ಡಿನಿಂದ. ಆ ಮ್ಯಾಂಡೇಟನ್ನು ಅವರ ಸ್ವಂತ ಖಾತೆಗೆ ಬದಲಾಯಿಸಲು ಹೇಳಿ. ಫೋನಿನ ಯುಪಿಐ ಆಟೋಪೇ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ. ಕಂತನ್ನು ಸುಮ್ಮನೆ ನಿಲ್ಲಿಸಿಬಿಡಬೇಡಿ ಮತ್ತೆ. ದುಡ್ಡಿಲ್ಲದೆ ಕಂತು ತಪ್ಪಿದರೆ 2007ರ ಪೇಮೆಂಟ್ ಕಾಯ್ದೆಯಲ್ಲಿ ಚೆಕ್ ಬೌನ್ಸಿನಂತೆಯೇ ಕೇಸು ಹಾಕಬಹುದು.

• ಖಾಲಿ ಚೆಕ್ಕಿಗೆ ಸಹಿ ಹಾಕಿ ಕಪಾಟಿನಲ್ಲಿಡಬೇಡಿ. "ಅಡಚಣೆಗೆ ಇರಲಿ" ಎಂದು ಇಟ್ಟದ್ದೇ ಅಡಚಣೆ ತರುತ್ತದೆ. ಜಂಟಿ ಖಾತೆಯ ಚೆಕ್ ಬೌನ್ಸಾದರೆ ಕ್ರಿಮಿನಲ್ ಕೇಸು ಸಹಿ ಹಾಕಿದವರ ಮೇಲೆ ಮಾತ್ರ. ಮುಂಬಯಿಯ ಅಪರ್ಣಾ ಶಾ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿತು: ಗಂಡ ಸಹಿ ಮಾಡಿದ ಚೆಕ್ಕಿಗೆ, ಖಾತೆ ಜಂಟಿ ಎಂಬ ಕಾರಣಕ್ಕೆ, ಹೆಂಡತಿಯನ್ನು ಆರೋಪಿ ಮಾಡುವಂತಿಲ್ಲ. 2021ರಲ್ಲಿ ಅಲ್ಕಾ ಆವ್ಹಾಡ್ ಎಂಬವರ ಪ್ರಕರಣದಲ್ಲೂ ಅದನ್ನೇ ಹೇಳಿತು. ನಿಮ್ಮ ಸಹಿ ಅದರ ಮೇಲೆ ಇಲ್ಲದಿದ್ದರೆ ತಾನೇ ಈ ರಕ್ಷಣೆ?

• ಜಾಮೀನಿಗೆ ಸಹಿ ಹಾಕುವ ಮುಂಚೆ ಒಂದು ರಾತ್ರಿ ಮಲಗಿ ಎದ್ದು ಯೋಚನೆ ಮಾಡಿ. ಪೇಠೆಯಲ್ಲಿ ಪತಸಂಸ್ಥೆಗಳು, ಅಂದರೆ ಸಾಲ ಕೊಡುವ ಸಹಕಾರಿ ಸಂಘಗಳು, ಬಹಳ. ಗಂಡನ ಗೆಳೆಯರು, "ವಹಿನಿ, ಫಕ್ತ ಏಕ ಸಹಿ" ಎಂದು ಚಹಾ ಕುಡಿಯುತ್ತಾ ಫಾರ್ಮು ಮುಂದಿಡುತ್ತಾರೆ. ಒಂದೇ ಒಂದು ಸಹಿ ಅಲ್ಲ ಅದು. ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ದೊಡ್ಡದು, ಮೊದಲು ಅವನನ್ನು ಕೇಳಿ ಆಮೇಲೆ ನನ್ನನ್ನು ಕೇಳಿ ಎನ್ನಲು ಬರುವುದಿಲ್ಲ. ಕಂತು ತಪ್ಪಿದರೆ ಪತಸಂಸ್ಥೆಯವರು ಸಿವಿಲ್ ಕೋರ್ಟಿಗೆ ಹೋಗಬೇಕಾಗಿಯೂ ಇಲ್ಲ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 101ನೇ ಕಲಮಿನಲ್ಲಿ ರಿಜಿಸ್ಟ್ರಾರರಿಂದ ವಸೂಲಿ ದಾಖಲೆ ತಂದು ನೇರವಾಗಿ ಜಪ್ತಿಗೆ ಬರುತ್ತಾರೆ. ಆಗ ನಿಮ್ಮ ಸ್ವಂತ ಖಾತೆಗೂ ಕೈ ಬೀಳುತ್ತದೆ, ನಾನು ಮೇಲೆ ಹೇಳಿದ್ದೆಲ್ಲ ವ್ಯರ್ಥ.

• ಫಾರ್ಮು ಮರಾಠಿಯಲ್ಲಿದೆ ಎಂದು ಓದದೆ ಬಿಡಬೇಡಿ. ಸಹಕರ್ಜದಾರ (ಜೊತೆ ಸಾಲಗಾರ), ಜಾಮೀನದಾರ ಎಂದು ಬರೆದಲ್ಲಿ ನಿಮ್ಮ ಹೆಸರು ಇದೆಯೇ ಎಂದು ಹುಡುಕಿ. ಇದ್ದರೆ ಪೆನ್ನು ಕೆಳಗಿಡಿ. "ಸಾಕ್ಷಿಗೆ ಅಷ್ಟೇ" ಎಂದರೆ ಸಾಕ್ಷಿಯ ಜಾಗ ಯಾವುದು, ತೋರಿಸಿ ಎನ್ನಿ.

• ಬಾಯಿಮಾತಲ್ಲೂ "ನಾವಿಬ್ಬರೂ ಸೇರಿ ಕೊಡುತ್ತೇವೆ" ಎನ್ನಬೇಡಿ. ಮಾತಿಗೂ ಬೆಲೆಯಿದೆ. ಗಂಡ ಹೆಂಡತಿ ಒಬ್ಬ ಷೇರು ದಲ್ಲಾಳಿಯ ಬಳಿ ಬೇರೆ ಬೇರೆ ಖಾತೆ ಇಟ್ಟಿದ್ದರು. 2001ರಲ್ಲಿ ಮಾರುಕಟ್ಟೆ ಬಿದ್ದು ಹೆಂಡತಿಯ ಖಾತೆಯಲ್ಲಿ ದೊಡ್ಡ ಬಾಕಿ ನಿಂತಿತು. ಇಬ್ಬರೂ ಹೊಣೆ ಎಂದು ಬಾಯಿಮಾತಿನ ಒಪ್ಪಂದವಿತ್ತು, ನಡೆದುಕೊಂಡ ರೀತಿಯೂ ಹಾಗೇ ಇತ್ತು ಎಂದು ಗಂಡನನ್ನೂ ಹೊಣೆ ಮಾಡಿದ ತೀರ್ಪನ್ನು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಎ.ಸಿ. ಚೋಕ್ಸಿ ಪ್ರಕರಣ ಎನ್ನುತ್ತಾರೆ. ಒಬ್ಬರ ಖಾತೆಯ ಹಳ್ಳವನ್ನು ಇನ್ನೊಬ್ಬರ ಖಾತೆಯಿಂದ ತುಂಬುವ ಅಭ್ಯಾಸವೇ ಮುಂದೆ ಸಾಕ್ಷಿಯಾಗಿ ನಿಲ್ಲುತ್ತದೆ. ಗಂಡಸರು ಇದನ್ನು ಎರಡು ಸಲ ಓದಿ.

• ಗಂಡನ ಅಂಗಡಿಯ ವ್ಯವಹಾರ ಮನೆಯ ಖಾತೆಯಲ್ಲಿ ಬೇಡವೇ ಬೇಡ. ಪ್ರೆಸ್ಸಿರಲಿ, ಕಿರಾಣಿಯಿರಲಿ, ಒಬ್ಬರೇ ಮಾಲೀಕರಾದ ವ್ಯಾಪಾರದಲ್ಲಿ ಅಂಗಡಿಯ ಬಾಕಿ ಅವರ ಸ್ವಂತ ಬಾಕಿಯೇ. ಜಿಎಸ್‌ಟಿಯವರ ನೋಟಿಸು ಬಂದರೆ ಆ ಖಾತೆ ಕಟ್ಟುಬೀಳುತ್ತದೆ. ಕರೆಂಟ್ ಖಾತೆ ಬೇರೆ ಮಾಡಿಸಿ. ಭಿಶಿಯ (ಚೀಟಿ ವ್ಯವಹಾರದ) ದುಡ್ಡನ್ನೂ ಮನೆಯ ಖಾತೆಯಲ್ಲಿ ಆಡಿಸಬೇಡಿ, ಹತ್ತು ಜನರ ದುಡ್ಡಿನಲ್ಲಿ ನಿಮ್ಮದು ಕಾಣದಂತಾಗುತ್ತದೆ.

• ವಿಳಾಸ ಬದಲಾದ ಕೂಡಲೇ ಬ್ಯಾಂಕಿಗೆ ತಿಳಿಸಿ. ಇದನ್ನು ನಮ್ಮ ಪೇಠೆಯವರು ತುಂಬ ಮರೆಯುತ್ತಾರೆ. ಹಳೇ ವಾಡೆ ಕೆಡವಿ ಬಿಲ್ಡರನಿಗೆ ಕೊಟ್ಟು ಎರಡು ಮೂರು ವರ್ಷ ಕೊಥ್ರೂಡಿನಲ್ಲೋ ಧನಕವಡಿಯಲ್ಲೋ ಬಾಡಿಗೆಗಿರುತ್ತಾರೆ, ಬ್ಯಾಂಕಿನಲ್ಲಿ ಮಾತ್ರ ಇಲ್ಲದ ವಾಡೆಯ ನಂಬರೇ ಇರುತ್ತದೆ. ಆದಾಯ ತೆರಿಗೆಯವರು ಜಂಟಿ ಖಾತೆಗೆ ನೋಟಿಸು ಕೊಟ್ಟರೆ ಅದರ ಪ್ರತಿಯನ್ನು ಎಲ್ಲ ಖಾತೆದಾರರಿಗೆ, ತಮಗೆ ಗೊತ್ತಿರುವ ಕೊನೆಯ ವಿಳಾಸಕ್ಕೆ ಕಳಿಸಬೇಕು ಎಂದು ಕಾನೂನಿದೆ. ಆ ಕೊನೆಯ ವಿಳಾಸ ಕೆಡವಿದ ವಾಡೆಯದಾದರೆ, ಪೋಸ್ಟ್‌ಮನ್ ಪಾಪ, ಪತ್ರ ಎಲ್ಲಿಟ್ಟು ಹೋಗಬೇಕು?

• ಬಿಲ್ಡರ್ ಕೊಡುವ ಬಾಡಿಗೆ ದುಡ್ಡು, ಕಾರ್ಪಸ್ ದುಡ್ಡು ಯಾವ ಖಾತೆಗೆ ಬರುತ್ತದೆ ಎಂದು ಒಪ್ಪಂದಕ್ಕೆ ಸಹಿ ಬೀಳುವ ಮುಂಚೆ ಕೇಳಿ. ಮನೆ ಇಬ್ಬರ ಹೆಸರಿನಲ್ಲಿದ್ದರೆ ನಿಮ್ಮ ಪಾಲಿನ ಚೆಕ್ಕನ್ನು ನಿಮ್ಮ ಹೆಸರಿಗೇ ಬರೆಯಿಸಿಕೊಳ್ಳಿ.

• ತೆರಿಗೆ ಬಾಕಿಗೆ ಜಂಟಿ ಖಾತೆ ಹಿಡಿದಾಗ ಪಾಲು ಸಮ ಎಂದೇ ಮೊದಲು ಲೆಕ್ಕ ಹಾಕುತ್ತಾರೆ, ಬೇರೆ ರೀತಿ ಎಂದು ನೀವು ಸಾಬೀತು ಮಾಡುವವರೆಗೆ. ಅಂದರೆ ಖಾತೆಯಲ್ಲಿ 2 ಲಕ್ಷವಿದ್ದು 1,80,000 ನಿಮ್ಮದೇ ಆದರೂ, ಕಾಗದ ತೋರಿಸದಿದ್ದರೆ ಕಾನೂನಿನ ಕಣ್ಣಿಗೆ ನಿಮ್ಮದು 1 ಲಕ್ಷ ಮಾತ್ರ. ಪೆನ್ಸಿಲು ಹಿಡಿಯಿರಿ ಎಂದು ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

• ಖಾತೆಗೆ ಹೋಲ್ಡ್ ಬಿದ್ದರೆ ಅಳುತ್ತಾ ಕೂರಬೇಡಿ, ಗಂಡನ ಜೊತೆ ಜಗಳವನ್ನೂ ಸಂಜೆಗೆ ಇಟ್ಟುಕೊಳ್ಳಿ. ಅವತ್ತೇ ಶಾಖೆಗೆ ಹೋಗಿ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ತರಕಾರಿ ತರಲು ಹೋದಾಗ ಫೋನಿನಲ್ಲಿ ದುಡ್ಡು ಹೋಗಲಿಲ್ಲ. ಯಂತ್ರ ಕೆಟ್ಟಿರಬೇಕು ಅಂದುಕೊಂಡಳು. ಮರುದಿನವೂ ಹೋಗಲಿಲ್ಲ. ಬ್ಯಾಂಕಿಗೆ ಹೋಗಿ ಕೇಳುವಷ್ಟರಲ್ಲಿ ವಾರ ಕಳೆದಿತ್ತು, ಗಂಡನ ಹಳೇ ಸಾಲಕ್ಕೆ ಕೋರ್ಟಿನಿಂದ ಬಂದ ಕಾಗದ ಅದು. ಕೌಂಟರಿನಲ್ಲಿ ಕೇಳಬೇಕಾದದ್ದು ಮೂರು: ಹೋಲ್ಡ್ ಹಾಕಿದ್ದು ಯಾರ ಆದೇಶದಿಂದ, ಎಷ್ಟು ಮೊತ್ತಕ್ಕೆ, ಆ ಆದೇಶದ ಪ್ರತಿ ಎಲ್ಲಿ. ಬಾಯಿಮಾತಿನ ಉತ್ತರ ಸಾಲದು, ಬರಹದಲ್ಲಿ ಕೇಳಿ. ಕೋರ್ಟಿನ ಆದೇಶವಾದರೆ ಅದೇ ಕೋರ್ಟಿನಲ್ಲಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆರ್ಡರಿನ 58ನೇ ನಿಯಮದಂತೆ, "ಇದರಲ್ಲಿ ಇಷ್ಟು ನನ್ನದು" ಎಂದು ಆಕ್ಷೇಪಣೆ ಹಾಕಿ. ಬೇಕೆಂದೇ ತಡ ಮಾಡಿದರು ಎಂದು ಅನ್ನಿಸಿದರೆ ಕೋರ್ಟು ಅದನ್ನು ಕೇಳುವುದೇ ಇಲ್ಲ. ಬ್ಯಾಂಕು ತನ್ನ ಸಾಲಕ್ಕೆ ತಾನೇ ಹಿಡಿದಿಟ್ಟಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸಮಾಧಾನವಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಫೋನು 14448, ಖರ್ಚಿಲ್ಲ.

• ಜಪ್ತಿಗೆ ಬಾರದ್ದು ಯಾವುದು ಎಂದು ನೆನಪಿಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಪಟ್ಟಿಯೇ ಇದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ಪದ್ಧತಿಯಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಒಡವೆ. ಸಾಮಾನ್ಯ ಸಾಲದ ಡಿಕ್ರಿಗೆ ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. ಸರಕಾರಿ ಪಿಂಚಣಿ, ಗ್ರಾಚ್ಯುಟಿಯನ್ನಂತೂ ಮುಟ್ಟುವಂತೆಯೇ ಇಲ್ಲ. ಆ ದುಡ್ಡನ್ನು ಎಫ್‌ಡಿ ಮಾಡಿದ ಮಾತ್ರಕ್ಕೆ ಅದರ ರಕ್ಷಣೆ ಹೋಗುವುದಿಲ್ಲ ಎಂದು ರಾಧೇಶ್ಯಾಮ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಅಜ್ಜನ ಪಿಂಚಣಿಯನ್ನು ಮಗನ ಜೊತೆಗಿನ ಜಂಟಿ ಖಾತೆಯಲ್ಲಿ ಬೆರೆಸಬೇಡಿ. ಬಿಡಿಸಿ ತೋರಿಸುವಷ್ಟರಲ್ಲಿ ಅಜ್ಜನ ಔಷಧದ ದಿನ ದಾಟಿರುತ್ತದೆ.

• ಪಿಪಿಎಫ್ ತೆರೆಯಿರಿ, ವರ್ಷಕ್ಕೆ 500 ರೂಪಾಯಿ ಹಾಕಿದರೂ ಖಾತೆ ಜೀವಂತ. ಅದನ್ನು ಜಂಟಿಯಾಗಿ ತೆರೆಯಲು ಬರುವುದೇ ಇಲ್ಲ, ಸಾಲದ ಡಿಕ್ರಿಗೆ ಕೋರ್ಟು ಜಪ್ತಿ ಮಾಡುವಂತೆಯೂ ಇಲ್ಲ. ಸಣ್ಣ ಉಳಿತಾಯಕ್ಕೆ ಇಷ್ಟು ಗಟ್ಟಿ ಜಾಗ ಇನ್ನೊಂದು ನನಗೆ ಗೊತ್ತಿಲ್ಲ.

• ಗಂಡ ಹೊಸದಾಗಿ ಜೀವ ವಿಮೆ ಮಾಡಿಸುವುದಾದರೆ, 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಫಾರ್ಮು ಜೊತೆಗೆ ತುಂಬಲು ಹೇಳಿ. ಏಜೆಂಟರಿಗೆ "ಎಂಡಬ್ಲ್ಯೂಪಿ" ಎಂದರೆ ಗೊತ್ತಾಗುತ್ತದೆ. ಆಗ ಆ ಪಾಲಿಸಿ ಹೆಂಡತಿ ಮಕ್ಕಳ ಟ್ರಸ್ಟ್ ಆಗುತ್ತದೆ, ಗಂಡನ ಸಾಲ ಕೊಟ್ಟವರು ಅದರ ಮೇಲೆ ಹಕ್ಕು ಹೇಳುವಂತಿಲ್ಲ. ಪಾಲಿಸಿ ತೆಗೆಯುವಾಗಲೇ ಮಾಡಿಸಬೇಕು, ಹಳೇ ಪಾಲಿಸಿಗೆ ಆಮೇಲೆ ಸೇರಿಸಲು ಬರುವುದಿಲ್ಲ. ನಾಮಿನಿ ಹೆಸರು ಬರೆದರೆ ಸಾಕು ಅಂದುಕೊಂಡು ಎಷ್ಟು ಮನೆಯವರು ಸುಮ್ಮನಿರುತ್ತಾರೆ!

• ಬಂಗಾರದ ರಸೀದಿ ನಿಮ್ಮ ಹೆಸರಿಗೇ ಬರೆಸಿಕೊಳ್ಳಿ. ಲಕ್ಷ್ಮಿ ರೋಡಿನ ಅಂಗಡಿಯಲ್ಲಿ ಬಿಲ್ಲಿಗೆ ಹೆಸರು ಕೇಳಿದಾಗ ಗಂಡನ ಹೆಸರು ಹೇಳುವುದು ನಮಗೆ ರೂಢಿ. ತವರಿನಿಂದ ತಂದದ್ದಕ್ಕೆ ರಸೀದಿ ಇಲ್ಲದಿದ್ದರೆ ಮದುವೆಯ ಫೋಟೋ ಜೋಪಾನವಾಗಿಡಿ, ಕೊರಳಲ್ಲಿ ಕಾಣುವ ಸರವೇ ಪುರಾವೆ. ಸ್ತ್ರೀಧನ ಹೆಣ್ಣುಮಗಳ ಪೂರ್ಣ ಸ್ವಂತ ಆಸ್ತಿ ಎಂದು ಪ್ರತಿಭಾ ರಾಣಿ ಪ್ರಕರಣದಲ್ಲಿ 1985ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅದನ್ನು ಒತ್ತೆಯಿಟ್ಟು ಗಂಡನ ಸಾಲದ ಬಡ್ಡಿ ಕಟ್ಟಬೇಡಿ. ಬಡ್ಡಿ ಕಟ್ಟಿದರೆ ಅಸಲು ಅಲ್ಲೇ ಇರುತ್ತದೆ, ಬಂಗಾರ ಮಾತ್ರ ಹೋಗಿರುತ್ತದೆ.

• ವಸೂಲಿಯವರು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಗುರುತಿನ ಚೀಟಿ, ಬ್ಯಾಂಕಿನ ಅಧಿಕಾರ ಪತ್ರ ಎರಡನ್ನೂ ಕೇಳಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಬಾಕಿಗಾಗಿ ಫೋನು ಮಾಡುವಂತಿಲ್ಲ, ಮನೆಯವರನ್ನು, ಗೆಳೆಯರನ್ನು ಕಾಡಿಸಿ ಮಾನ ಕಳೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಕಟ್ಟುನಿಟ್ಟಾಗಿ ಹೇಳಿದೆ. ಬಂದ ಹೊತ್ತು, ಆಡಿದ ಮಾತು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮೈಮೇಲೆ ಬಂದರೆ 112ಕ್ಕೆ ಫೋನು ಮಾಡಿ. "ನಿಮ್ಮನ್ನೂ ಜೈಲಿಗೆ ಹಾಕಿಸುತ್ತೇವೆ" ಎಂದರೆ ಹೆದರಬೇಡಿ. ಹಣದ ಡಿಕ್ರಿಗಾಗಿ ಹೆಣ್ಣುಮಗಳನ್ನು ಸಿವಿಲ್ ಜೈಲಿಗೆ ಕಳಿಸುವಂತೆಯೇ ಇಲ್ಲ, ಸಂಹಿತೆಯ 56ನೇ ಕಲಮು. ಅವರ ಕೈಗೆ ನಗದು ಕೊಡಬೇಡಿ. ಓಣಿಯವರು ನೋಡುತ್ತಾರೆ ಎಂಬ ನಾಚಿಕೆಗೆ ಎರಡು ಸಾವಿರ ಕೊಟ್ಟು ಕಳಿಸಿದರೆ, ರಸೀದಿಯಿಲ್ಲದ ಆ ದುಡ್ಡು ಸಾಲಕ್ಕೂ ಇಲ್ಲ, ಮನೆಗೂ ಇಲ್ಲ.

• ಸಾವಕಾರನ ಸಾಲವಾದರೆ ಅವನಿಗೆ ಪರವಾನಗಿ ಇದೆಯೇ ವಿಚಾರಿಸಿ. 2014ರ ಮಹಾರಾಷ್ಟ್ರ ಸಾವಕಾರಿ ಕಾಯ್ದೆಯಲ್ಲಿ ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಅಪರಾಧ. ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿಯಲ್ಲಿ ದೂರು ಕೊಡಬಹುದು. ಕರ್ನಾಟಕದಲ್ಲೂ 2025ರ ಫೆಬ್ರುವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು, ತವರಿನ ಅಕ್ಕತಂಗಿಯರಿಗೆ ತಿಳಿಸಿ.

• ವರ್ಷಕ್ಕೊಮ್ಮೆ ಇಬ್ಬರೂ ಕೂತು ಇಬ್ಬರ ಸಿಬಿಲ್ ವರದಿ ನೋಡಿ. ವರ್ಷಕ್ಕೊಂದು ಪುಕ್ಕಟೆ ಸಿಗುತ್ತದೆ. ಯಾವ ಸಾಲ ಯಾರ ಹೆಸರಲ್ಲಿದೆ, ನೀವು ಎಲ್ಲಾದರೂ ಜಾಮೀನುದಾರರೇ, ಎಲ್ಲ ಅದರಲ್ಲಿ ಕಾಣುತ್ತದೆ. ಗಂಡಂದಿರು ಸಾಲ ಮುಚ್ಚಿಡುವುದು ಹೆಚ್ಚಾಗಿ ನಾಚಿಕೆಯಿಂದ. ಬೈಯುವ ದನಿಯಲ್ಲಿ ಕೇಳಿದರೆ ಇನ್ನೂ ಮುಚ್ಚಿಡುತ್ತಾರೆ. ಊಟವಾದ ಮೇಲೆ, ಮಕ್ಕಳು ಮಲಗಿದ ಮೇಲೆ ಕೇಳಿ.

• ಸಾಲ ಸೆಟ್ಲ್‌ಮೆಂಟ್ ಮಾಡಿಕೊಂಡರೆ ಪತ್ರ ಕೈಗೆ ಬಂದ ಮೇಲೆಯೇ ದುಡ್ಡು ಕಟ್ಟಿ, ಕಟ್ಟಿದ ಮೇಲೆ ಬಾಕಿಯಿಲ್ಲ ಎಂಬ ಪತ್ರ ಪಡೆಯಿರಿ. ಹಳೇ ಮ್ಯಾಂಡೇಟ್ ರದ್ದಾಯಿತೇ, ಕೊಟ್ಟ ಖಾಲಿ ಚೆಕ್ಕು ವಾಪಸು ಬಂತೇ, ಅದನ್ನೂ ನೋಡಿ.

• ಗಂಡ ತೀರಿಕೊಂಡ ಮನೆಗೆ ಹದಿಮೂರು ದಿನ ಕಳೆಯುವ ಮುಂಚೆಯೇ ಸಾಲದವರು ಬಂದು ಸಹಿ ಕೇಳುತ್ತಾರೆ. ಹಾಕಬೇಡಿ. ಅವರು ಬಿಟ್ಟುಹೋದ ಆಸ್ತಿಯಲ್ಲಿ ನಿಮ್ಮ ಕೈಗೆ ಬಂದಷ್ಟರ ಮಟ್ಟಿಗೆ ಮಾತ್ರ ಅವರ ಸಾಲ ನಿಮ್ಮನ್ನು ತಟ್ಟುತ್ತದೆ. ಮಗ ಎಂಬ ಧರ್ಮಕ್ಕೆ ಅಪ್ಪನ ಸಾಲ ತೀರಿಸಬೇಕೆಂಬ ಹಳೇ ಹೊಣೆಯನ್ನೂ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ತೆಗೆದುಹಾಕಿದೆ. ದುಃಖದಲ್ಲಿ ಹೊಸ ಕಾಗದಕ್ಕೆ ಸಹಿ ಬಿದ್ದರೆ ಅದು ನಿಮ್ಮದೇ ಹೊಸ ಸಾಲ.

• ಹೆಸರು ಬೇರೆ, ಬ್ಯಾಂಕು ಬೇರೆ ಇಟ್ಟರೆ ಇನ್ನೊಂದು ಲಾಭವೂ ಇದೆ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ, 2020ರಿಂದ. ಇಲ್ಲಿನ ರೂಪೀ ಸಹಕಾರಿ ಬ್ಯಾಂಕಿನಲ್ಲಿ ದುಡ್ಡು ಸಿಕ್ಕಿಕೊಂಡು 2013ರಿಂದ ಒದ್ದಾಡಿದವರು, 2022ರಲ್ಲಿ ಅದರ ಪರವಾನಗಿ ರದ್ದಾದದ್ದನ್ನು ಕಂಡವರು ಪುಣೆಯಲ್ಲಿ ಬೇಕಾದಷ್ಟು ಜನರಿದ್ದಾರೆ, ಅವರನ್ನೇ ಕೇಳಿ.

• ವಕೀಲರಿಗೆ ದುಡ್ಡಿಲ್ಲ ಎಂದು ಕೈ ಚೆಲ್ಲಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಪುಕ್ಕಟೆ. ಶಿವಾಜಿನಗರದ ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನು ಮಾಡಿ. ಹೋಗುವಾಗ ಪಾಸ್‌ಬುಕ್ಕು, ಮೆಸ್ಸಿನ ನೋಟ್‌ಬುಕ್ಕು, ಆಧಾರ್, ಬ್ಯಾಂಕು ಕೊಟ್ಟ ಕಾಗದಗಳು, ಎಲ್ಲದರ ಎರಡೆರಡು ಝೆರಾಕ್ಸ್ ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ನೋಟಿಸು ಬಂದ ಲಕೋಟೆಯನ್ನೂ ಎಸೆಯಬೇಡಿ. ಅದು ನಿಮ್ಮ ಕೈಗೆ ಯಾವಾಗ ಬಂತು ಎಂದು ತೋರಿಸಲು ಅಂಚೆ ಮುದ್ರೆಯ ತಾರೀಖು ಬೇಕಾಗುತ್ತದೆ.